ಅಲೆ ಇಲ್ಲದಿದ್ದರೇನು, ಬಂಡೆ ಇದೆಯಲ್ಲ

ಶುಕ್ರವಾರಕ್ಕೋ ಸೋಮವಾರಕ್ಕೋ ಹಬ್ಬ ಬಿದ್ದು ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತೆಂದರೆ ಬೆಂಗಳೂರಿನಿಂದ ಗೋಕರ್ಣ, ಮುರ್ಡೇಶ್ವರ, ಮಲ್ಪೆಗೆ ಹೊರಡುವ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ಕಡಲಿನ ಸೆಳೆತ ಅಂಥದು, ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಹೀಗೆ ಹೋದವರಲ್ಲಿ ಹೆಚ್ಚಿನವರ ರಜೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು, ಮೀನೂಟ, ಸೂರ್ಯಾಸ್ತ, ಇಷ್ಟರಲ್ಲೇ ಮುಗಿದುಹೋಗುತ್ತದೆ. ಅದೇ ಕರಾವಳಿಯ ಮೂಲ್ಕಿ ಬೇರೆಯದೇ ಬಗೆಯ ರಜೆಯೊಂದನ್ನು ತೋರಿಸಿಕೊಟ್ಟಿದೆ. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ 2004ರ ಸುಮಾರಿಗೆ ಅಲ್ಲಿ ಕಟ್ಟಿದ ಆಶ್ರಮ, ಅದರ ಜೊತೆಗೆ ಬೆಳೆದ ಮಂತ್ರ ಸರ್ಫ್ ಕ್ಲಬ್ ಊರಿನ ಹುಡುಗ ಹುಡುಗಿಯರನ್ನು ಹಲಗೆಯ ಮೇಲೆ ನಿಲ್ಲಿಸಿದವು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡ್ಲಿಂಗ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತನ್ವಿ ಜಗದೀಶ್ ಈ ನೀರಿನಲ್ಲೇ ಪಳಗಿದವರು. ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವ ಸಸಿಹಿತ್ಲು ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಗೆ ವೇದಿಕೆಯಾಯಿತು. ಅಲ್ಲಿಗೆ ಸರ್ಫಿಂಗ್‌ಗೆಂದು ಹೋಗುವವರು ನಾಲ್ಕಾರು ದಿನ ಉಳಿಯುತ್ತಾರೆ, ಬೆಳಗಿನ ಅಲೆಗೆ ಎದ್ದು ಸಂಜೆಗೆ ಮೈಕೈ ನೋಯಿಸಿಕೊಂಡು ಮಲಗುತ್ತಾರೆ, ಹೊರಡುವ ಹೊತ್ತಿಗೆ ಏನನ್ನೋ ಕಲಿತಿರುತ್ತಾರೆ.

ಸರ್ಫಿಂಗ್ ಊರನ್ನು ಸರ್ಫಿಂಗ್ ಊರಾಗಿಸುವುದಕ್ಕೆ ಮೂರು ಸಂಗತಿ ಬೇಕು. ಸುಲಭಕ್ಕೆ ಒಲಿಯದ, ಮೈಬಗ್ಗಿಸಿಯೇ ಕಲಿಯಬೇಕಾದ ಒಂದು ನಿಸರ್ಗದ ಕೊಡುಗೆ. ಅದನ್ನು ಬಲ್ಲ ಸ್ಥಳೀಯರು. ಕಲಿಯುವಷ್ಟು ಕಾಲ ಅಲ್ಲಿ ತಂಗುವ ಪ್ರವಾಸಿ. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಮೊದಲನೆಯದು ಬೆಟ್ಟದಷ್ಟಿದೆ, ಎರಡನೆಯದು ಬೇಕಾದಷ್ಟಿದೆ. ಕೊರತೆ ಇರುವುದು ಮೂರನೆಯದಕ್ಕೆ. ಇಲ್ಲಿಗೆ ಬರುವವರು ಬೆಳಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಬೆಟ್ಟದ ಮುಂದೆ ಸೆಲ್ಫಿ ಹೊಡೆದು, ಕತ್ತಲಾಗುವ ಮುಂಚೆ ಮನೆ ಸೇರುತ್ತಾರೆ. ಈ ನಾಲ್ಕು ಊರುಗಳಿಗೆ ನೋಡುವ ರಜೆಗಿಂತ ಕಲಿಯುವ ರಜೆ ಹೆಚ್ಚು ಒಪ್ಪುತ್ತದೆ, ಬಂದವರಿಗೂ ಊರಿನವರಿಗೂ ಅದರಿಂದಲೇ ಹೆಚ್ಚು ಸಿಗುತ್ತದೆ ಎಂಬುದು ಈ ಲೇಖನದ ವಾದ.

ನೋಡಿ ಹೋಗುವ ಪ್ರವಾಸದಿಂದ ಊರಿಗೆ ದಕ್ಕುವುದು ಎಷ್ಟು ಎಂಬುದಕ್ಕೆ ರಾಮನಗರಕ್ಕಿಂತ ದೊಡ್ಡ ಸಾಕ್ಷಿ ಬೇಡ. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಚಿತ್ರದ ರಾಮಗಢ ಇಲ್ಲಿನ ರಾಮದೇವರ ಬೆಟ್ಟದ ಬುಡದಲ್ಲಿ ಎದ್ದುನಿಂತ ಸೆಟ್. ಡೇವಿಡ್ ಲೀನ್ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಯ ದೃಶ್ಯಗಳಿಗೆ ಹುಡುಕಿಕೊಂಡು ಬಂದದ್ದೂ ಈ ಕಡೆಯ ಬಂಡೆಗಳನ್ನೇ. ಐವತ್ತು ವರ್ಷಗಳಿಂದ ದೇಶದ ಮೂಲೆಮೂಲೆಗಳಿಂದ ಜನ ಬಂದು ಗಬ್ಬರ್ ಸಿಂಗನ ಬಂಡೆ ಯಾವುದು ಎಂದು ಕೇಳುತ್ತಲೇ ಇದ್ದಾರೆ. ಬಿಚ್ಚಿ ಒಯ್ದ ಸೆಟ್ಟಿನ ಗುರುತೂ ಅಲ್ಲಿ ಉಳಿದಿಲ್ಲ. ಬಂದವರು ಬಂಡೆಯತ್ತ ಕೈತೋರಿಸಿ ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ಇಷ್ಟು ದೊಡ್ಡ ಖ್ಯಾತಿ ಅರ್ಧ ಶತಮಾನ ಬೆನ್ನಿಗಿದ್ದೂ ರಾಮನಗರ ಜನ ಬಂದು ತಂಗುವ ಊರಾಗಲಿಲ್ಲ. ನೋಡಲು ಒಂದು ಗುರುತಿದ್ದರೆ ಸಾಲದು, ಬಂದವರ ಕೈಗೆ ಏನಾದರೂ ಕೆಲಸ ಕೊಡಬೇಕು.

ದಾರಿಹೋಕರ ವ್ಯಾಪಾರವನ್ನೇ ನಂಬಿದ್ದ ಕಾಲವೂ ಮುಗಿಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳೆಲ್ಲ ಬೈಪಾಸ್‌ನ ಆಚೆ ಉಳಿದವು. ಹಳೆಯ ಹೆದ್ದಾರಿಯ ಇಕ್ಕೆಲದ ಗೊಂಬೆ ಅಂಗಡಿಗಳು ಬದುಕುತ್ತಿದ್ದುದೇ ಮೈಸೂರಿಗೆ ಹೋಗುವ ಕಾರು ಒಂದು ಗಳಿಗೆ ನಿಲ್ಲುತ್ತಿದ್ದುದರಿಂದ. ಮಗು ಅತ್ತಿತೆಂದೋ, ಟೀ ಕುಡಿಯೋಣವೆಂದೋ ನಿಂತ ಕಾರಿನವರು ಒಂದು ಬುಗುರಿ, ಒಂದು ತೂಗುಕುದುರೆ ಕೊಳ್ಳುತ್ತಿದ್ದರು. ಈಗ ಆ ಕಾರು ಊರಿನ ಹೆಸರಿನ ಫಲಕವನ್ನಷ್ಟೇ ನೋಡಿ ಮುಂದಕ್ಕೆ ಹೋಗುತ್ತದೆ. ರಸ್ತೆಯನ್ನು ಹಿಂದಕ್ಕೆ ತರಲಾಗದು, ತರಬೇಕಾಗಿಯೂ ಇಲ್ಲ. ಆದರೆ ತಾನಾಗಿ ನಿಲ್ಲುತ್ತಿದ್ದ ಗಿರಾಕಿ ಇಲ್ಲವಾದ ಮೇಲೆ, ಇಲ್ಲಿಗೇ ಬರಬೇಕೆಂದು ಮನಸ್ಸು ಮಾಡಿ ಬರುವ ಗಿರಾಕಿ ಬೇಕು. ಅಂಥವರು ಬರಬೇಕಾದರೆ ಬೇರೆಲ್ಲೂ ಸಿಗದ್ದು ಇಲ್ಲಿ ಸಿಗಬೇಕು.

ಸಿಗುವುದರಲ್ಲಿ ಮೊದಲನೆಯದು ಬಂಡೆ. ಇಲ್ಲಿನ ಕಲ್ಲಿಗೆ ಭೂವಿಜ್ಞಾನದಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರು. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ನೆನಪಿಗೆ ರಾಮನಗರ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಕಾಲದಲ್ಲಿ ಅಂಟಿದ ಹೆಸರದು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ತಣಿದ ಈ ಕಲ್ಲು ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಪಟ್ಟಿಯಂತೆ ಹಬ್ಬಿದೆ. ಹತ್ತಿರ ಹೋಗಿ ಕಣ್ಣಿಟ್ಟು ನೋಡಿದರೆ ಬಂಡೆಯ ಮೈಯಲ್ಲಿ ಬೆರಳಿನ ಗಾತ್ರದ ಗುಲಾಬಿ ಹರಳುಗಳು ಕಾಣುತ್ತವೆ. ನಿಧಾನಕ್ಕೆ ತಣಿದ ಕಲ್ಲಿನಲ್ಲಿ ಮಾತ್ರ ಇಷ್ಟು ದೊಡ್ಡ ಹರಳು ಬೆಳೆಯುತ್ತದೆ. ಮಳೆಗಾಳಿಗೆ ಸುತ್ತಲಿನ ಭಾಗ ಸವೆದು ಹರಳು ತುಸು ಉಬ್ಬಿ ನಿಂತ ಕಡೆ, ಬಂಡೆ ಏರುವವರ ಬೂಟಿನ ತುದಿಗೆ ಅದೇ ಮೆಟ್ಟಿಲು. ಅಂದಹಾಗೆ, ಇದೇ ಜಿಲ್ಲೆಯ ದಕ್ಷಿಣಕ್ಕಿರುವ ಕಬ್ಬಾಳದ ಕಲ್ಲುಗಣಿಯಲ್ಲಿ ಒಂದು ಬಗೆಯ ಕಲ್ಲು ಚಾರ್ನೊಕೈಟ್ ಎಂಬ ಇನ್ನೊಂದು ಬಗೆಯ ಕಲ್ಲಾಗಿ ಮಾರ್ಪಡುತ್ತಾ ಅರ್ಧಕ್ಕೇ ನಿಂತುಹೋದದ್ದನ್ನು ಭೂವಿಜ್ಞಾನಿ ಸಿ. ಎಸ್. ಪಿಚಮುತ್ತು 1960ರಲ್ಲಿ ಜಗತ್ತಿಗೆ ತೋರಿಸಿದರು. ಭೂವಿಜ್ಞಾನಿಗಳಿಗೆ ಅದು ಯಾತ್ರಾಸ್ಥಳ. ಕಬ್ಬಾಳಮ್ಮನ ಭಕ್ತರಿಗೆ ಗೊತ್ತಿರುವ ಊರಿನ ಈ ಹಿರಿಮೆಯನ್ನು ಹೇಳುವ ಒಂದು ಒಳ್ಳೆಯ ಮಾರ್ಗದರ್ಶಿ ನಡಿಗೆಯನ್ನು ಇಲ್ಲಿನ ಶಾಲಾ ಮಕ್ಕಳಿಗಾದರೂ ಏರ್ಪಡಿಸಬೇಕು.

ಮಾಗಡಿ ಬಳಿಯ ಸಾವನದುರ್ಗ 1,226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ಮೈ. ಕೆಂಪೇಗೌಡರ ವಂಶದ ಕೋಟೆಯಾಗಿ, ಆಮೇಲೆ ಟಿಪ್ಪುವಿನ ಕೈಯಲ್ಲಿದ್ದು 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸಿಕ್ಕಿದ ಗಿರಿದುರ್ಗವಿದು. ಇದರ ಮೇಲೆ ಹಗ್ಗ ಕಟ್ಟಿ ಏರುವ ದಾರಿಗಳಿಗೆ ಏರಿದವರು ‘ಬೆಳದಿಂಗಳು’, ‘ದೀಪಾವಳಿ’ ಎಂದೆಲ್ಲ ಹೆಸರಿಟ್ಟಿದ್ದಾರೆ. ಇಲ್ಲಿನ ಏರಿಕೆಯ ವಿಶೇಷವೆಂದರೆ ಕೈಗೆ ಹಿಡಿಕೆ ಸಿಗುವುದು ಅಪರೂಪ. ಇಳಿಜಾರಾದ ಬಂಡೆಗೆ ಬೂಟಿನ ಅಡಿಯನ್ನು ಒತ್ತಿ, ಆ ಘರ್ಷಣೆಯೊಂದನ್ನೇ ನಂಬಿ ನಿಲ್ಲಬೇಕು. ಹೊಸಬರು ಹೆದರಿ ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ತಬ್ಬಿದ ಕೂಡಲೇ ಮೈಭಾರ ಪಾದದಿಂದ ತಪ್ಪಿ ಕಾಲು ಜಾರುತ್ತದೆ. ಹಿಮ್ಮಡಿ ತಗ್ಗಿಸಿ, ಸೊಂಟವನ್ನು ಬಂಡೆಯಿಂದ ದೂರ ತಂದು, ನೆಟ್ಟಗೆ ನಿಂತವರಿಗೆ ಅದೇ ಜಾಗ ನೆಲದಷ್ಟು ಗಟ್ಟಿ. ಇದನ್ನು ಬಾಯಲ್ಲಿ ಹೇಳಿಸಿಕೊಂಡರೆ ಮೈಗೆ ಅರ್ಥವಾಗುವುದಿಲ್ಲ, ಅರ್ಧ ದಿನ ಜಾರಿ ಜಾರಿ ಅರ್ಥವಾಗಬೇಕು. ಮೂಲ್ಕಿಯಲ್ಲಿ ಹಲಗೆಯನ್ನೇ ನೋಡುತ್ತಾ ನಿಂತವರು ನೀರಿಗೆ ಬಿದ್ದು ಕಲಿಯುವುದೂ ಇಂಥದೇ ಪಾಠ. ಸರ್ಫಿಂಗ್ ಮತ್ತು ಶಿಲಾರೋಹಣ ಎರಡೂ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದು ಒಂದೇ ಸಲ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ನಮ್ಮ ರಾಜ್ಯದಲ್ಲಿ ಮೊದಲನೆಯದಕ್ಕೆ ಒಂದು ಊರು ಸಿಕ್ಕಿತು. ಎರಡನೆಯದಕ್ಕೆ ಬೆಂಗಳೂರಿನಿಂದ 50 ಕಿಲೋಮೀಟರ್ ದೂರದಲ್ಲಿ ಇಡೀ ಜಿಲ್ಲೆಯೇ ಕಾದಿದೆ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಬಂಡೆಗಳು ಬರಿದಾಗಿಲ್ಲ, ಅಲ್ಲಿ ವಾಸ ಮಾಡುವ ಜೀವಗಳಿವೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದ ತುಂಬ ಅವುಗಳ ಸಂತತಿಯ ಬಹುಪಾಲನ್ನು ಅಳಿಸಿಹಾಕಿತು. 2006ರಲ್ಲಿ ಅದರ ಪಶುಬಳಕೆಗೆ ನಿಷೇಧ ಬಂದರೂ ಇಲ್ಲಿ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟು. ಉದ್ದಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚಿನಲ್ಲಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆ ಚಾಚಿನ ಬಳಿ ಒಬ್ಬ ಮನುಷ್ಯ ಸುಳಿದರೂ ಒಂದು ವರ್ಷದ ಫಲ ಹೋದಂತೆ. ಆದ್ದರಿಂದ ಈ ವಿಷಯದಲ್ಲಿ ರಾಜಿಗೆ ಜಾಗವಿಲ್ಲ: ರಾಮದೇವರ ಬೆಟ್ಟದಲ್ಲಿ ದೇವರ ದರ್ಶನಕ್ಕೆ ಮೆಟ್ಟಿಲ ದಾರಿ ಇದೆ, ಅದರಾಚೆ ಕಾಲಿಡಬಾರದು. ಸಾವನದುರ್ಗದ ಕಾಡಿನಲ್ಲೂ ಹಳದಿ ಕೊರಳಿನ ಪಿಕಳಾರದಂಥ ಅಪರೂಪದ ಹಕ್ಕಿಗಳಿವೆ, ಚಿರತೆ ಕರಡಿಗಳಿವೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಅರಣ್ಯ ಇಲಾಖೆಯ ಟಿಕೆಟ್ ಪಡೆದು, ಬಲ್ಲವರ ಜೊತೆ, ಗೊತ್ತಾದ ಬಂಡೆಯಲ್ಲಿ ಎರಡು ದಿನ ಹಗ್ಗ ಹಿಡಿಯುವ ಹತ್ತು ಜನರಿಂದ ಆಗುವ ಗದ್ದಲಕ್ಕಿಂತ, ಬಸ್ಸಿನಿಂದಿಳಿದು ಸ್ಪೀಕರ್ ಹಾಕಿಕೊಂಡು ಚಿಪ್ಸ್ ಪೊಟ್ಟಣ ಎಸೆದು ಹೋಗುವ ಸಾವಿರ ಜನರ ಗದ್ದಲ ದೊಡ್ಡದು. ಕಲಿಯಲು ಬಂದವರಿಗೆ ಬಂಡೆಯ ಬೆಲೆ ಗೊತ್ತಾಗುತ್ತದೆ, ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತವರಿಗೆ ಕಡಲದಂಡೆಯ ಪ್ಲಾಸ್ಟಿಕ್ಕು ಕಣ್ಣಿಗೆ ಚುಚ್ಚುವ ಹಾಗೆ.

ಮಳೆ ಬಂದ ದಿನ, ಬಂಡೆ ಒದ್ದೆಯಾದ ದಿನ ಹಗ್ಗ ಮಡಿಸಿಟ್ಟು ಚನ್ನಪಟ್ಟಣಕ್ಕೆ ಬರಬೇಕು. ಇಲ್ಲಿನ ಕಲಾನಗರದಲ್ಲಿ, ಸುತ್ತಲಿನ ಗಲ್ಲಿಗಳಲ್ಲಿ ಲೇತ್ ತಿರುಗುತ್ತಿರುತ್ತದೆ. ಆಲೆ ಮರದ ತುಂಡನ್ನು ತಿಂಗಳುಗಟ್ಟಲೆ ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿಯ ಬಾಯಿಯನ್ನು ಹದವಾಗಿ ತಾಗಿಸಿದರೆ ಬಿಳಿ ಹೊಪ್ಪಳೆ ಸುರುಳಿಯಾಗಿ ಬೀಳುತ್ತಾ ಒಳಗಿನಿಂದ ಆಕಾರ ಏಳುತ್ತದೆ. ಬಣ್ಣ ಹಚ್ಚುವುದಕ್ಕೆ ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಕಡ್ಡಿ ಹೆಚ್ಚು ಒತ್ತಿದರೆ ಗಂಟುಗಂಟಾಗುತ್ತದೆ, ಕಡಿಮೆಯಾದರೆ ಮರ ಇಣುಕುತ್ತದೆ. ಆಮೇಲೆ ಒಣಗಿದ ಗರಿಯ ಮಡಿಕೆಯನ್ನು ಅದೇ ವೇಗದಲ್ಲಿ ತಾಗಿಸಿದಾಗ ಕನ್ನಡಿಯ ಹೊಳಪು ಬರುತ್ತದೆ. ಜಪಾನಿನ ತಂತ್ರವನ್ನು ಇಲ್ಲಿಗೆ ತಂದರೆಂದು ಬಾವಾಸ್ ಮಿಯಾನ್ ಅವರನ್ನು ಇಂದಿಗೂ ನೆನೆಯುವ ಈ ಕಸುಬಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒಂದು ಹಗಲು ಕೂತು ತಾನೇ ಒಂದು ಬುಗುರಿ ತಿರುಗಿಸಲು ಪ್ರಯತ್ನಿಸಿದವನು ಮುಂದೆಂದೂ ಗೊಂಬೆ ಅಂಗಡಿಯಲ್ಲಿ ಚೌಕಾಸಿಗೆ ಇಳಿಯಲಾರ. ಆ ಬುಗುರಿಯ ಬೆಲೆಯಲ್ಲಿ ಎಷ್ಟು ವರ್ಷದ ಕೈಪಳಗು ಸೇರಿದೆ ಎಂಬುದು ಅವನ ಬೆರಳಿಗೇ ತಿಳಿದಿರುತ್ತದೆ.

ದುಡಿಯುವವರ ಬದುಕನ್ನು ಪ್ರವಾಸಿಗರ ಮನರಂಜನೆ ಮಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಅದು ಇನ್ನೂ ಮೊನಚಾಗುತ್ತದೆ. ರೈತ ಇಪ್ಪತ್ತೈದು ಮೂವತ್ತು ದಿನ ಮನೆಮಂದಿಯೆಲ್ಲ ನಿದ್ದೆಗೆಟ್ಟು ಹುಳು ಸಾಕಿ, ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಅದನ್ನು ಬಿಡಿಸಿ ತಂದು, ಹರಾಜಿನಲ್ಲಿ ಕಿಲೋಗೆ ಎಷ್ಟು ಬೆಲೆ ಬರುತ್ತದೆಂದು ಎದೆ ಹಿಡಿದು ನಿಂತಿರುವಾಗ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಖಂಡಿತ ತಪ್ಪು. ನೂಲು ಬಿಚ್ಚುವ ಮನೆಗಳಲ್ಲಿ ದಿನವಿಡೀ ಬಿಸಿನೀರಿಗೆ ಕೈ ಅದ್ದಿ ಗೂಡಿನ ಎಳೆ ಹುಡುಕುವ ಹೆಂಗಸರ ಬೆರಳು ಬಿಳುಚಿ ಬಿರಿದಿರುತ್ತವೆ. ಅದು ತಮಾಷೆಯ ನೋಟವಲ್ಲ. ಆದರೆ ಉತ್ತರ ಬಾಗಿಲು ಮುಚ್ಚುವುದರಲ್ಲಿಲ್ಲ, ಲೆಕ್ಕ ಚುಕ್ತಾ ಮಾಡುವುದರಲ್ಲಿದೆ. ಕುಶಲಕರ್ಮಿಯ ಅರ್ಧ ದಿನ ತೆಗೆದುಕೊಂಡರೆ ಅವರ ಅರ್ಧ ದಿನದ ಸಂಪಾದನೆಗಿಂತ ಹೆಚ್ಚು ಕೊಡಬೇಕು, ಮೊದಲೇ ಹೇಳಿ ಬರಬೇಕು, ಹೇಳಿಕೊಡುವವರನ್ನು ಮೇಷ್ಟ್ರೇ ಎಂದು ಕರೆಯುವ ಗೌರವ ಇರಬೇಕು. ಮೂಲ್ಕಿಯ ಹುಡುಗರು ಸರ್ಫಿಂಗ್ ಹೇಳಿಕೊಡುವಾಗ ಯಾರೂ ಅದನ್ನು ಬಡತನದ ಪ್ರದರ್ಶನ ಎನ್ನುವುದಿಲ್ಲ, ಏಕೆಂದರೆ ಅಲ್ಲಿ ಅವರು ಗುರುಗಳು. ಲೇತಿನ ಮುಂದೆ ಕೂತ ಕುಶಲಕರ್ಮಿಗೆ ಆ ಸ್ಥಾನ ಏಕೆ ಸಿಗಬಾರದು?

ನೀರಿನ ಮಾತಿಗೆ ಬಂದರೆ ಎಚ್ಚರಿಕೆಯನ್ನು ಮೊದಲು ಹೇಳಬೇಕು. ಈ ಜಿಲ್ಲೆಯಲ್ಲಿ ಭಯವಿಲ್ಲದೆ ಅಲೆಗೆ ಮೈಯೊಡ್ಡಬಹುದಾದ ಜಾಗವೆಂದರೆ ಬಿಡದಿಯ ವಂಡರ್‌ಲಾದ ಕೃತಕ ಅಲೆಯ ಕೊಳ. ಮಕ್ಕಳಿಗೆ ಅದು ಇಷ್ಟ, ಇರಲಿ. ಆದರೆ ಮಂಚನಬೆಲೆ ಜಲಾಶಯದಲ್ಲಿ ಈಜಲು ಹೋಗಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೇಕೆದಾಟುವಿನಲ್ಲಂತೂ ಕಾವೇರಿ ಇಕ್ಕಟ್ಟಾದ ಕಲ್ಲಿನ ಕಂದರಕ್ಕೆ ನುಗ್ಗುತ್ತದೆ. ಸಾವಿರಾರು ವರ್ಷಗಳಿಂದ ಸುಳಿಯಲ್ಲಿ ಸುತ್ತುವ ಗುಂಡುಕಲ್ಲುಗಳು ಬಂಡೆಯನ್ನು ಕೊರೆದು ಆಳವಾದ ಗುಳಿಗಳನ್ನು ಮಾಡಿವೆ. ಮೇಲಿಂದ ನೋಡುವವರಿಗೆ ನೀರು ಶಾಂತ, ಒಳಗಿನ ಸೆಳೆತ ಕಾಣದು, ಬಂಡೆ ಎಣ್ಣೆ ಸವರಿದಷ್ಟು ಜಾರು. ಕಟಕಟೆಯ ಈಚೆ ನಿಂತು ನೋಡಿದರೆ ಸಾಕು. ಸಂಗಮದಲ್ಲಿ ಸ್ನಾನಕ್ಕೆ ಇಳಿಯುವವರು ಇನ್ನೊಂದು ಸತ್ಯವನ್ನೂ ತಿಳಿದಿರಬೇಕು. ಅಲ್ಲಿ ಕಾವೇರಿಗೆ ಸೇರುವ ಅರ್ಕಾವತಿಗೆ ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆ ಹರಿದು ಬರುತ್ತದೆ. ರಾಜಧಾನಿ ತನ್ನ ಪಾಯಿಖಾನೆಯ ನೀರನ್ನು ಕನಕಪುರದ ಕಡೆ ಬಿಟ್ಟು, ರಜೆ ಸಿಕ್ಕಾಗ ಅದೇ ನೀರಿನಲ್ಲಿ ಪುಣ್ಯಸ್ನಾನಕ್ಕೆ ಬರುವುದನ್ನು ನೋಡಿದರೆ ಸಂಕಟವಾಗುತ್ತದೆ. ನದಿಯನ್ನು ಶುದ್ಧಗೊಳಿಸದೆ ಈ ಜಿಲ್ಲೆಯಲ್ಲಿ ಯಾವ ಪ್ರವಾಸೋದ್ಯಮವೂ ಪ್ರಾಮಾಣಿಕವಾಗಲಾರದು.

ಬಿಸಿಲಿನ ಆಕ್ಷೇಪವನ್ನು ಬೇಗ ಮುಗಿಸಬಹುದು. ಮಾರ್ಚ್‌ನಿಂದ ಮೇ ತನಕ ಬಂಡೆ ಮುಟ್ಟಲಾಗದಷ್ಟು ಕಾಯುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಹದ. ಕಡಲೂ ಹಾಗೆಯೇ, ಮಳೆಗಾಲದಲ್ಲಿ ಹೊಸಬರನ್ನು ಇಳಿಯಗೊಡುವುದಿಲ್ಲ. ಆ ಹದದ ನಡುವೆಯೇ ಮಾಗಡಿಯ ಸೊಗಡವರೆ ಮಾರುಕಟ್ಟೆಗೆ ಬರುತ್ತದೆ. ದಿನವೆಲ್ಲ ಬಂಡೆ ಏರಿ ಬಂದವರಿಗೆ ಬಿಸಿ ರಾಗಿಮುದ್ದೆ, ಹಿತಕಿದ ಅವರೆಬೇಳೆ ಸಾರಿನ ರುಚಿ ಯಾವ ಹೋಟೆಲಿನಲ್ಲಿ ಸಿಕ್ಕೀತು? ಬೇಸಿಗೆಗೆ ಬರಲೇಬೇಕೆನ್ನುವವರಿಗೆ ಬೆಳಗಿನ ಹೊತ್ತು ಮಾವಿನ ತೋಟ, ಮಧ್ಯಾಹ್ನ ಜಾನಪದ ಲೋಕ. ಎಚ್. ಎಲ್. ನಾಗೇಗೌಡರು 1979ರಲ್ಲಿ ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತು 1994ರಲ್ಲಿ ತೆರೆದ ಈ ಆವರಣದಲ್ಲಿ ಕೃಷಿ, ಅಡುಗೆ, ಬೇಟೆಯ ಪರಿಕರಗಳು, ತೊಗಲುಗೊಂಬೆಗಳೆಲ್ಲ ಇವೆ. ಗಂಟೆಯೊಪ್ಪತ್ತಿನಲ್ಲಿ ಸುತ್ತಿ ಬರುವ ಜಾಗವಲ್ಲ ಅದು.

ಜನ ಉಳಿಯುವಂತಾದರೆ ಇದೂ ಇನ್ನೊಂದು ಗದ್ದಲದ ರೆಸಾರ್ಟ್ ಊರಾಗುವುದಿಲ್ಲವೇ ಎಂಬ ಭಯ ಉಳಿಯುತ್ತದೆ. ಭಯಕ್ಕೆ ಆಧಾರವಿದೆ. 2007ರಲ್ಲಿ ರೂಪುಗೊಂಡ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಂಪುಟ ತೀರ್ಮಾನಿಸಿತು. ಬೆಟ್ಟದ ಬುಡದ ಹೊಲಗಳು ನಗರದ ಹಿತ್ತಿಲಾಗುವ ವೇಗ ಅದರಿಂದ ಹೆಚ್ಚುವುದೇ ಸರಿ. ಆಳೆತ್ತರದ ಕಾಂಪೌಂಡ್ ಒಳಗೆ ಮಳೆ ನೃತ್ಯ, ರಾತ್ರಿಯಿಡೀ ಡಿ.ಜೆ., ಅಡುಗೆಯವರಿಂದ ತರಕಾರಿಯವರೆಗೆ ಎಲ್ಲವೂ ಬೆಂಗಳೂರಿನಿಂದ; ಊರಿಗೆ ಉಳಿಯುವುದು ಕಾವಲುಗಾರನ ಕೆಲಸ ಮತ್ತು ಖಾಲಿ ಬಾಟಲಿ. ಇದನ್ನು ತಡೆಯುವ ದಾರಿ ಪ್ರವಾಸಿಯನ್ನು ಓಡಿಸುವುದಲ್ಲ. ಅವನು ಯಾರ ಮನೆಯಲ್ಲಿ ಉಳಿಯುತ್ತಾನೆ, ಯಾರಿಂದ ಕಲಿಯುತ್ತಾನೆ ಎಂಬುದನ್ನು ಊರೇ ನಿರ್ಧರಿಸಬೇಕು. ರಾಜ್ಯದಲ್ಲಿ ಸಾಹಸ ಕ್ರೀಡೆಗಳ ತರಬೇತಿಗೆಂದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಸಾವನದುರ್ಗದ ಸುತ್ತಲಿನ ಹಳ್ಳಿಗಳ ಹತ್ತು ಯುವಕ ಯುವತಿಯರನ್ನು ಆರಿಸಿ, ಹಗ್ಗ ಕಟ್ಟುವುದು, ಗಾಯಾಳುವನ್ನು ಇಳಿಸುವುದು, ಪ್ರಥಮ ಚಿಕಿತ್ಸೆ ಇಷ್ಟನ್ನು ಕಲಿಸಿ ಪ್ರಮಾಣಪತ್ರ ಕೊಟ್ಟು, ಅವರ ಜೊತೆಗಲ್ಲದೆ ಹೊರಗಿನ ತಂಡಗಳು ಬಂಡೆ ಏರುವಂತಿಲ್ಲ ಎಂಬ ನಿಯಮ ತಂದರೆ ಸಾಕು. ಸಾವನದುರ್ಗದಲ್ಲಿ ದಾರಿತಪ್ಪಿದವರನ್ನು ಹುಡುಕಲು ಇವತ್ತಿಗೂ ಮೊದಲು ಓಡುವವರು ಆ ಹಳ್ಳಿಗಳ ಹುಡುಗರೇ. ಆ ಕೆಲಸಕ್ಕೆ ಒಂದು ಹೆಲ್ಮೆಟ್, ಒಂದು ವಿಮೆ, ತಿಂಗಳಿಗೊಂದು ಸಂಬಳ ಕೊಡುವುದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ, ಈ ಚಳಿಗಾಲಕ್ಕೇ ಶುರು ಮಾಡಬಹುದು.